ಲಿನ್ ಬಾಯಿಯ ಬಂದರಿನಲ್ಲಿ ಒಂದು ಬಾಣಂತನ

ಗಂಡು ಮಗು! ನನ್ನ ಮಗಳು ಐರಿನ್‌ಗೆ ಗಂಡು ಮಗು! ನಿನ್ನೆ ಬೆಳಿಗ್ಗೆ ಹುಟ್ಟಿತು, ಇವತ್ತು ಮಧ್ಯಾಹ್ನ ಮನೆಗೂ ಬಂತು. ಈ ದೇಶದಲ್ಲಿ ಬಾಣಂತಿಯನ್ನು ಆಸ್ಪತ್ರೆಯಲ್ಲಿ ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ತಲೆ ತುಂಬ ಕಪ್ಪು ಕೂದಲು, ಮೂಗು ನನ್ನ ಗಂಡನದ್ದೇ. ನೋಡಲಿಕ್ಕೆ ಆ ಪುಣ್ಯಾತ್ಮ ಉಳಿಯಲಿಲ್ಲ. ಪೋಸ್ಟಿನವನಿಗೆ ಹೇಳಿದೆ. ಪಕ್ಕದ ಮನೆಯ ಪಂಜಾಬಿ ಅಜ್ಜನಿಗೆ ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ, ಅವರು ಒಳಗೆ ಓಡಿ ಬೆಲ್ಲದ ಡಬ್ಬಿಯನ್ನೇ ತಂದರು. ಅಂಗಡಿಯಲ್ಲಿ ಕ್ಯಾಶಿನ ಹುಡುಗಿಗೆ ಎರಡು ಕೈಯಲ್ಲಿ ತೊಟ್ಟಿಲು ತೂಗಿ ತೋರಿಸಿದೆ, ಅವಳೂ ತೂಗಿ ತೋರಿಸಿದಳು. ಇನ್ನೂ ಯಾರಿಗಾದರೂ ಹೇಳದೆ ಬಿಟ್ಟಿದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ನಾಲ್ಕನೇ ಕ್ಲಾಸಿನವರೆಗೆ ಕಲಿತವಳು. ಮನೆಯ ಮಾತು ಕೊಂಕಣಿ, ಅಕ್ಷರ ಕಲಿತದ್ದು ಕನ್ನಡದಲ್ಲಿ, ಹಾಗಾಗಿ ಬರೆಯುವುದು ಕನ್ನಡದಲ್ಲಿ. ಮಂಗಳೂರಿನಲ್ಲಿ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ಒಡೆದು ಎರಡು ಮಕ್ಕಳನ್ನು ಸಾಕಿದವಳು. ತಪ್ಪಿದ್ದರೆ ಓದುವವರು ಸರಿ ಮಾಡಿಕೊಳ್ಳಲಿ. ಇವತ್ತು ನಾನು ಯಾರಿಗೂ ಹೆದರುವ ಹಾಗಿಲ್ಲ.

ಮಗು ಮನೆಗೆ ಬರುವ ಮೊದಲೇ ನಾನು ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟಿದ್ದೆ. ಜಜ್ಜಿದ ಶುಂಠಿ, ಹಂದಿ ಕಾಲು, ಚೀನಾದವರ ಕಪ್ಪು ಸಿಹಿ ವಿನೆಗರ್. ಮೆಲ್ಬರ್ನಿನ ಅಂಚಿನ ಕ್ಲೈಡ್ ನಾರ್ತ್‌ನಲ್ಲಿರುವ ಈ ಹೊಸ ಮನೆಯ ಗೋಡೆಗಳಿಗೆ ಇನ್ನೂ ಬಣ್ಣದ ವಾಸನೆ ಇದೆ. ಅದನ್ನೂ ಮೀರಿ ಹುಳಿ ಘಾಟು ಮೆಟ್ಟಿಲು ಹತ್ತಿ ಮೇಲಿನ ಕೋಣೆಯವರೆಗೆ ಹೋಯಿತು. ನನ್ನ ಮಗ ರೋನಿಯ ಹೆಂಡತಿ ಪ್ರೀತಿ ಸಹಾಯಕ್ಕೆಂದು ಊರಿನ ಇನ್ನೊಂದು ತುದಿಯ ಪಾಯಿಂಟ್ ಕುಕ್‌ನಿಂದ ಮುಂಚೆಯೇ ಬಂದಿದ್ದಳು. ಅವಳು ಮೂಗಿಗೆ ಶಾಲು ಒತ್ತಿಕೊಂಡು ಅಡುಗೆಮನೆಯ ಕಿಟಕಿ ತೆರೆದಳು. ಜುಲೈ ತಿಂಗಳ ಗಾಳಿ ಚೂರಿಯ ಹಾಗೆ ಒಳಗೆ ಬಂತು.

"ಮಾಮಿ, ಬಾಳಂತಿಗೆ ಹುಳಿ ಕೊಡುದಾ? ನಮ್ಮಲ್ಲಿ ಯಾರೂ ಕೊಡುದಿಲ್ಲ ಮತ್ತೆ!"

"ನಾನು ಕೊಡುದು. ಐರಿನ್‌ಗೆ ಮೊದಲನೆಯವಳು ಲೀನಾ ಹುಟ್ಟಿದಾಗ ಇದನ್ನೇ ಕೊಟ್ಟದ್ದು. ಎಂತ ಆಯ್ತು ಅವಳ ಅಮ್ಮನಿಗೆ?"

"ಎಂತ ಆಗ್ಲಿಲ್ಲ" ಎಂದಳು ಪ್ರೀತಿ. ಕಿಟಕಿ ಮಾತ್ರ ಮುಚ್ಚಲಿಲ್ಲ.

ನಾನು ಮುಚ್ಚಳ ತೆಗೆದು ಆವಿಗೆ ಮುಖ ಕೊಟ್ಟೆ. ಒಂದೇ ಉಸಿರಿಗೆ ನಾನು ಮೆಲ್ಬರ್ನಿನಲ್ಲಿ ಇರಲಿಲ್ಲ. ಹಡಗಿನ ಸೈರನ್ನು, ಒಣಗಲು ಹಾಕಿದ ಮೀನು, ಕಬ್ಬಿಣ ಕೊಯ್ಯುವ ಸದ್ದು. 2013ನೇ ಇಸವಿ. ಚೀನಾದ ದಕ್ಷಿಣದ ತುದಿಯ ಬಂದರು, ಝಾನ್‌ಜಿಯಾಂಗ್.

ಅದಕ್ಕೂ ಮೊದಲು ಐರಿನ್ ಮತ್ತು ಅಳಿಯ ನವೀನ್ ಇದ್ದದ್ದು ಸಿಡ್ನಿಯ ಎಪ್ಪಿಂಗ್‌ನಲ್ಲಿ, ಒಂದು ಕೋಣೆಯ ಫ್ಲ್ಯಾಟಿನಲ್ಲಿ. ಅಲ್ಲಿ ಅವಳ ಎರಡು ಬಸಿರು ಐದನೇ ತಿಂಗಳಿನಲ್ಲಿ ಹೋದವು. ಎರಡನೆಯದು ಹೋಗುವಾಗ ನಾನು ಅಲ್ಲಿದ್ದೆ, ಹಾಲಿನ ಸೋಫಾದಲ್ಲಿ ಮಲಗುತ್ತಿದ್ದೆ. ಆಸ್ಪತ್ರೆಯಿಂದ ಬಂದವಳು ಕಿಟಕಿಯ ಹತ್ತಿರ ಕೂತು ಹೋಗುವ ರೈಲುಗಳನ್ನೇ ನೋಡುತ್ತಿದ್ದಳು. "ಮಮ್ಮಿ, ನನ್ನ ಹತ್ರ ಯಾವುದೂ ನಿಲ್ಲುದಿಲ್ಲ" ಎಂದಳು. ಅಷ್ಟೇ. ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಅಳಲಿಲ್ಲ.

ನವೀನನ ಕಂಪೆನಿ ಆಸ್ಟ್ರೇಲಿಯಾದ ಬಂದರುಗಳಿಗೆ ಬೇಕಾದ ದೊಡ್ಡ ದೊಡ್ಡ ಕಬ್ಬಿಣದ ಚೌಕಟ್ಟುಗಳನ್ನು ಚೀನಾದಲ್ಲಿ ಮಾಡಿಸುತ್ತಿತ್ತು. ಅವು ಸರಿ ಇವೆಯೇ ಎಂದು ನೋಡಿ ಹಡಗು ಹತ್ತಿಸುವ ತನಕ ಅಲ್ಲೇ ಇರಲು ಒಬ್ಬ ಬೇಕಿತ್ತು. ಬೇರೆ ಯಾರೂ ಒಪ್ಪಲಿಲ್ಲ, ನವೀನ ಒಪ್ಪಿದ. ಎಪ್ಪಿಂಗ್‌ನ ಒಂದು ಕೋಣೆಯ ರೆಂಟಿನ ಕಾಲು ಭಾಗಕ್ಕೆ ಅಲ್ಲಿ ಮೂರು ಕೋಣೆಯ ಮನೆ ಸಿಕ್ಕಿತು. ಹೋದ ಮೇಲೆ ಐರಿನ್ ಮತ್ತೆ ಬಸಿರಾದಳು. ಅಲ್ಲಿಯ ಡಾಕ್ಟರಮ್ಮ, ಗಿಡ್ಡ ಕೂದಲಿನ ಹೆಂಗಸು, ಗರ್ಭಚೀಲದ ಬಾಯಿಗೆ ಹೊಲಿಗೆ ಹಾಕಿ, ಮಲಗಿಯೇ ಇರಬೇಕು, ಪ್ರಯಾಣ ಬೇಡ ಎಂದು ಹೇಳಿದರು. ಆಗ ಮಂಗಳೂರಿಗೆ ವಾಪಸಾಗಿದ್ದ ನನಗೆ ಕರೆ ಬಂತು.

ಭಾನುವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಹೆಂಗಸರು ಸುತ್ತ ನಿಂತರು. "ಎಲ್ಲರೂ ಮಕ್ಕಳ ಹತ್ರ ಆಸ್ಟ್ರೇಲಿಯಾಕ್ಕೆ ಹೋಗುದು, ದುಬಾಯಿಗೆ ಹೋಗುದು. ನೀವು ಎಂತ ಬಾಯಿ, ಚೀನಾಕ್ಕೆ?"

"ಮಗಳು ಎಲ್ಲಿ ಇದ್ದಾಳೆ, ಅಲ್ಲಿಗೆ ಹೋಗುದು" ಎಂದೆ. ಪೆಟ್ಟಿಗೆಯಲ್ಲಿ ಕೊತ್ತಂಬರಿ, ಓಮ, ಅರಸಿನ, ಜಪಮಾಲೆ, ಯೇಸುವಿನ ತಾಯಿ ಬಾಲೆ ಮರಿಯಮ್ಮನ ಬೆರಳುದ್ದದ ಪ್ರತಿಮೆ ತುಂಬಿಕೊಂಡು ಏಪ್ರಿಲಿನಲ್ಲಿ ಹೊರಟೆ.

ಹೋಗಿ ನೋಡಿದರೆ, ನನಗೇನೂ ಪರದೇಶ ಅನಿಸಲಿಲ್ಲ. ಬೆವರು ನಮ್ಮದೇ. ಬಾಳೆ, ಕಬ್ಬು, ರಸ್ತೆಯ ಬದಿಯಲ್ಲಿ ಹಲಸಿನ ಮರಗಳು, ಬುಡದಿಂದಲೇ ಕಾಯಿ ಬಿಟ್ಟವು! ಮೂರನೇ ಮಹಡಿಯ ಕಿಟಕಿಯಿಂದ ಕ್ರೇನುಗಳು ಕಾಣುತ್ತಿದ್ದವು. ಬೆಳಿಗ್ಗೆ ನೆಲ ಗುಡಿಸಿದರೆ ಸಂಜೆಗೆ ಕಪ್ಪು ಹುಡಿ ಕೂತಿರುತ್ತಿತ್ತು. ಆ ಬೀದಿಯಲ್ಲಿ ಪರದೇಶದವರೆಂದರೆ ನಾವು ಮಾತ್ರ. ನಾನು ಸೀರೆ ಉಟ್ಟು ಇಳಿದರೆ ಸೈಕಲಿನವರು ತಿರುಗಿ ನೋಡಿ ಒಬ್ಬರಿಗೊಬ್ಬರು ತಾಗುತ್ತಿದ್ದರು. ನೋಡಲಿ, ಸೀರೆ ಇರುವುದೇ ನೋಡಲಿಕ್ಕೆ ಎಂದು ಸೆರಗು ಸರಿ ಮಾಡಿಕೊಂಡು ನಡೆಯುತ್ತಿದ್ದೆ.

ಎರಡನೇ ವಾರ ಹಲಸಿನ ಎಲೆ ಕೊಯ್ಯಲು ಹೋಗಿದ್ದೆ. ಮಲಗಿದಲ್ಲೇ ಐರಿನ್ ಕೊಟ್ಟೆ ಕಡುಬು ಕೇಳಿದ್ದಳು, ಹಲಸಿನ ಎಲೆಯ ದೊನ್ನೆಯಲ್ಲಿ ಹಿಟ್ಟು ಹೊಯ್ದು ಬೇಯಿಸುವುದು. ಕೊಂಬೆ ಎಟುಕಲಿಲ್ಲ. ಮರದ ಬುಡದಲ್ಲಿ ಕೂತು ಸಮುದ್ರದ ಸಿಂಪಿಯ ಚಿಪ್ಪು ಒಡೆದು ಮಾಂಸ ಬಿಡಿಸುತ್ತಿದ್ದ ಹೆಂಗಸೊಬ್ಬಳು ನಗುತ್ತ ಎದ್ದು, ತನ್ನ ಕೊಕ್ಕೆಯಿಂದ ಕೊಂಬೆ ಎಳೆದು ಕೊಟ್ಟಳು. ಆಮೇಲೆ ಒಳಗೆ ಹೋಗಿ ಒಂದು ತಟ್ಟೆ ತಂದಳು. ನೋಡುತ್ತೇನೆ, ಹಲಸಿನ ಎಲೆಯ ಮೇಲೆ ಅಕ್ಕಿಹಿಟ್ಟಿನ ತಿಂಡಿ, ಒಳಗೆ ತೆಂಗಿನಕಾಯಿ! ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವಳ ಹೆಸರು ಲಿನ್. ನಮ್ಮವರ ರೂಢಿಯಂತೆ ಲಿನ್ ಬಾಯಿ ಎಂದು ಕರೆದೆ. ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬೇಕು. ಅವಳಿಗೂ ಗಂಡ ಇರಲಿಲ್ಲ.

ಅಂದಿನಿಂದ ಐರಿನ್ ಮಧ್ಯಾಹ್ನ ಮಲಗಿದ ಮೇಲೆ ನಾನು ಕೆಳಗಿಳಿದು ಅವಳ ಜೊತೆ ಸಿಂಪಿ ಒಡೆಯುತ್ತಿದ್ದೆ. ಗೇರುಬೀಜ ಒಡೆದ ಕೈ ಸಿಂಪಿಗೆ ಮೊದಲು ಸೋತಿತು, ಎರಡು ಸಲ ರಕ್ತ ಬಂತು, ಲಿನ್ ಬಾಯಿ ಬಿದ್ದು ಬಿದ್ದು ನಕ್ಕಳು. ಅವಳು ಅವಳ ಭಾಷೆ ಆಡುತ್ತಿದ್ದಳು, ನಾನು ನನ್ನದು. ಸೊಸೆಯ ವಿಷಯ ಹೇಳುತ್ತಿದ್ದಾಳೆ ಎಂದು ಮುಖದಲ್ಲೇ ತಿಳಿಯುತ್ತಿತ್ತು. ಜುಲೈಯಲ್ಲಿ ಅವಳ ಅಣ್ಣನ ಗದ್ದೆಯಲ್ಲಿ ಭತ್ತ ಕೊಯ್ದರು. ಅಲ್ಲಿ ಕ್ರೇನುಗಳ ಬೆನ್ನಿಗೇ ಗದ್ದೆ. ಸೆಪ್ಟೆಂಬರಿನಲ್ಲಿ ಮರಿಯಮ್ಮನ ಹುಟ್ಟುಹಬ್ಬಕ್ಕೆ ನಾವು ಹೊಸ ತೆನೆಯನ್ನು ಮನೆ ತುಂಬಿಸಿಕೊಳ್ಳುವವರು. ಒಂದು ಹಿಡಿ ತೆನೆ ಕೇಳಿ ತಂದು ಅಡುಗೆಮನೆಯಲ್ಲಿ ತೂಗುಹಾಕಿದೆ. ಹಬ್ಬದ ಹೊತ್ತಿಗೆ ಐರಿನ್‌ಗೆ ಎಂಟು ತಿಂಗಳು ತುಂಬಬೇಕು. ತುಂಬುತ್ತದೆ ಎಂದು ಆ ತೆನೆಗೆ ದಿನಾ ಹೇಳುತ್ತಿದ್ದೆ.

ಆಗಸ್ಟಿನಲ್ಲಿ ಚಂಡಮಾರುತ ಬಂತು. ಕ್ರೇನುಗಳನ್ನು ಸರಪಳಿ ಹಾಕಿ ಕಟ್ಟಿದರು. ನಾವು ಕಿಟಕಿಗಳಿಗೆ ಟೇಪು ಅಂಟಿಸಿ, ಐರಿನ್‌ನ ಹಾಸಿಗೆಯನ್ನು ಒಳಕೋಣೆಗೆ ಎಳೆದು, ಮೂವರೂ ಅಲ್ಲೇ ಇದ್ದೆವು. ಗಾಳಿ ಇಳಿದು ಕರೆಂಟು ಬಂದದ್ದೇ ತಡ, ಮೆಲ್ಬರ್ನಿನಿಂದ ರೋನಿಯ ಫೋನು.

"ಮಮ್ಮಿ, ನಾನು ಮೂವರಿಗೂ ಟಿಕೆಟ್ ಬುಕ್ ಮಾಡಿದ್ದೇನೆ. ಸೆಪ್ಟೆಂಬರ್ ಒಂದಕ್ಕೆ. ಅವಳನ್ನು ಕರ್ಕೊಂಡು ಸಿಡ್ನಿಗೆ ಬಾ."

"ಡಾಕ್ಟ್ರು ಬೇಡ ಹೇಳಿದ್ದಾರೆ."

"ಯಾವ ಡಾಕ್ಟ್ರು? ನಿಂಗೆ ತಲೆ ಸಮ ಉಂಟಾ? ಅಲ್ಲಿ ರೆಂಟೂ ಚೀಪ್, ಜೀವವೂ ಚೀಪ್. ಎಂತಾದ್ರೂ ಆದ್ರೆ ಯಾರು ಜವಾಬ್ದಾರಿ?"

ನನಗೆ ಸಿಟ್ಟು ನೆತ್ತಿಗೇರಿತು. "ಸಿಡ್ನಿಯಲ್ಲಿ ಎರಡು ಸಲ ಹೋಯ್ತಲ್ಲ, ಆಗ ಯಾರು ಜವಾಬ್ದಾರಿ? ನೀನು ಎಲ್ಲಿ ಹುಟ್ಟಿದ್ದು ಗೊತ್ತುಂಟಾ? ಫ್ಯಾಕ್ಟರಿಯ ಹಿಂದೆ, ಗೋಣಿಚೀಲ ಇಡುವ ಕೋಣೆಯಲ್ಲಿ. ಈಗ ದೊಡ್ಡ ಆಸ್ಟ್ರೇಲಿಯಾದವ!"

ಅವನು ಫೋನು ಇಟ್ಟ. ನವೀನ ಗೋಡೆಗೆ ಒರಗಿ ನಿಂತಿದ್ದ. "ಮಾಮಿ, ರೋನಿ ಹೇಳುದರಲ್ಲಿಯೂ ಅರ್ಥ ಉಂಟು. ಹೋಗುವುದಾದ್ರೆ ಈಗಲೇ ಹೋಗಬೇಕು" ಎಂದ. ಹೆದರಿದ್ದ, ಪಾಪ. ಐರಿನ್ ನನ್ನನ್ನೇ ನೋಡುತ್ತಿದ್ದಳು.

"ನೀನು ಹೇಳು ಮಮ್ಮಿ. ನೀನು ಹೇಳಿದ ಹಾಗೆ."

ಇಬ್ಬರ ಕಣ್ಣೂ ನನ್ನ ಮೇಲೆ. ಹೊಟ್ಟೆಯೊಳಗಿದ್ದದ್ದಕ್ಕೆ ಕಣ್ಣು ಮೂಡಿದ್ದರೆ ಅದರದ್ದೂ ನನ್ನ ಮೇಲೆಯೇ ಇದ್ದೀತು. "ಹೋಗುದಿಲ್ಲ" ಎಂದೆ. "ಹೊಲಿಗೆ ಹಾಕಿದ ಕೈಯೇ ಬಿಚ್ಚಲಿ. ಟಿಕೆಟ್ ಹೋದ್ರೆ ಹೋಗ್ಲಿ." ಗಟ್ಟಿಯಾಗಿಯೇ ಹೇಳಿದೆ. ಆದರೆ ಅಡುಗೆಮನೆಗೆ ಹೋಗಿ, ತುಂಬುತ್ತದೆ ಎಂದು ಆ ತೆನೆಗೆ ಇನ್ನೊಮ್ಮೆ ಹೇಳಿದೆ.

ಆಗಸ್ಟ್ ಕೊನೆಗೆ ಹಬ್ಬದ ಮೊದಲಿನ ಒಂಬತ್ತು ದಿನದ ಪ್ರಾರ್ಥನೆ ಶುರು. ದಿನಾ ಮರಿಯಮ್ಮನಿಗೆ ಹೂ ಹಾಕಬೇಕು. ಐರಿನ್ ಮಲಗಿದಲ್ಲಿಂದಲೇ ಹಾಕಲಿ ಎಂದು ಅವಳ ಮಂಚದ ಪಕ್ಕ ಸ್ಟೂಲಿನ ಮೇಲೆ ಪ್ರತಿಮೆ ಇಟ್ಟೆ. ಸುತ್ತ ಬಿಳಿ ಮಲ್ಲಿಗೆ. ಮೇಣದಬತ್ತಿಗೆ ಸ್ಟ್ಯಾಂಡ್ ಇರಲಿಲ್ಲ. ಒಂದು ಬಟ್ಟಲು ಅಕ್ಕಿ ತುಂಬಿ ಅದರಲ್ಲಿ ಬಿಳಿ ಬತ್ತಿಯನ್ನು ನೆಟ್ಟಗೆ ಊರಿದೆ. ಚಂದ ಕಂಡಿತು.

ಎರಡನೇ ಸಂಜೆ ಲಿನ್ ಬಾಯಿ ಎಲೆಯ ತಿಂಡಿ ಹಿಡಿದು ಮೇಲೆ ಬಂದಳು. ಬಾಗಿಲಲ್ಲೇ ನಿಂತಳು. ಮುಖ ಬಿಳಿಚಿತು. ತಟ್ಟೆಯನ್ನು ನೆಲದ ಮೇಲಿಟ್ಟು ನುಗ್ಗಿದವಳೇ ಉರಿಯುವ ಬತ್ತಿಯನ್ನು ಅಕ್ಕಿಯಿಂದ ಕಿತ್ತು ಆರಿಸಿದಳು. ಹೂಗಳನ್ನು ಗುಡಿಸಿ ಹಾಕಿದಳು. ಕೂಗುತ್ತಿದ್ದಳು.

"ನನ್ನ ದೇವರ ಮುಂದಿನ ಬತ್ತಿಗೆ ಕೈ ಹಾಕುದಾ ನೀನು?" ಎಂದು ನಾನೂ ಕೂಗಿದೆ. ಬತ್ತಿ ಕಿತ್ತುಕೊಂಡು ಮತ್ತೆ ಊರಿದೆ. ಅವಳು ಮತ್ತೆ ಕಿತ್ತಳು. ನಾನು ಬಾಗಿಲು ತೋರಿಸಿದೆ. ಅವಳು ಐರಿನ್‌ನ ಹೊಟ್ಟೆಯನ್ನೊಮ್ಮೆ ನೋಡಿ ಕಣ್ಣೊರೆಸಿಕೊಂಡು ಇಳಿದು ಹೋದಳು. ತಟ್ಟೆ ಅಲ್ಲೇ ಉಳಿಯಿತು.

ಅವಳು ಕೂಗಿದ ಒಂದೆರಡು ಮಾತುಗಳನ್ನು ಐರಿನ್ ಕಂಪೆನಿಯ ದುಭಾಷಿ ಹುಡುಗಿಗೆ ಫೋನಿನಲ್ಲಿ ಹೇಳಿ ಅರ್ಥ ಕೇಳಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ಮಮ್ಮಿ, ಅಕ್ಕಿಯಲ್ಲಿ ಹೀಗೆ ನೆಟ್ಟಗೆ ಊರುದು, ಬಿಳಿ ಹೂ ಇಡುದು, ಅದು ಇವರಲ್ಲಿ ಸತ್ತವರಿಗೆ ಅಂತೆ."

"ಅದು ಅವರ ಲೆಕ್ಕ. ನಮ್ಮದು ಪ್ರಾರ್ಥನೆ" ಎಂದೆ. ಬತ್ತಿ ಹಚ್ಚಿದೆ. ಜಪಮಾಲೆ ಮುಗಿಸಿದೆ.

ಮರುದಿನ ಬೆಳಿಗ್ಗೆ ಐರಿನ್‌ಗೆ ನೋವು ಬಂತು.

ಟ್ಯಾಕ್ಸಿಯಲ್ಲಿ ನಾನು ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಆ ದಾರಿ ಎಷ್ಟು ದೂರವೋ ನನಗೆ ಗೊತ್ತಿಲ್ಲ, ಈಗಲೂ ಮುಗಿದಿಲ್ಲ ಅನಿಸುತ್ತದೆ. ಹೋಗುದಿಲ್ಲ ಎಂದವಳು ನಾನು. ಬತ್ತಿ ಮತ್ತೆ ಹಚ್ಚಿದವಳೂ ನಾನು. ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾನು ಬೆಂಚಿನಲ್ಲಿ ಜಪಮಾಲೆ ಹಿಡಿದು ಕೂತೆ. ಒಂದು ಮಣಿಯೂ ಮುಂದೆ ಹೋಗಲಿಲ್ಲ.

ಯಾರೋ ಬಂದು ಪಕ್ಕ ಕೂತರು. ನೋಡಿದರೆ ಲಿನ್ ಬಾಯಿ, ರಬ್ಬರ್ ಏಪ್ರನ್ ಕೂಡ ಬಿಚ್ಚಿರಲಿಲ್ಲ, ಮೈಯೆಲ್ಲ ಸಿಂಪಿಯ ವಾಸನೆ. ನರ್ಸು ಒಳಗೆ ಬಿಟ್ಟಾಗ ಅವಳು ಐರಿನ್‌ನ ಮಣಿಕಟ್ಟಿಗೆ ಒಂದು ಕೆಂಪು ದಾರ ಕಟ್ಟಿದಳು. ಅದೇ ಕೈಯ ಬೆರಳಿಗೆ ನಾನು ಜಪಮಾಲೆ ಸುತ್ತಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಯಾರೂ ಯಾರದ್ದನ್ನೂ ಬಿಚ್ಚಲಿಲ್ಲ.

ಸಂಜೆಗೆ ನೋವು ನಿಂತಿತು. ಹೊಲಿಗೆ ಹಿಡಿದಿತ್ತು. ಡಾಕ್ಟರಮ್ಮ ಕಂಪೆನಿಯ ದುಭಾಷಿ ಹುಡುಗಿಯ ಬಾಯಲ್ಲಿ ಹೇಳಿಸಿದರು: "ಹತ್ತಿರ ಇದ್ದದ್ದಕ್ಕೆ ಬೇಗ ಬಂದಿರಿ. ಒಳ್ಳೆಯದಾಯಿತು." ನವೀನ ಗಡಿಯಾರ ನೋಡಿದ, ನನ್ನ ಮುಖ ನೋಡಿದ. ಅಂದು ಸೆಪ್ಟೆಂಬರ್ ಒಂದು. ರೋನಿ ಬುಕ್ ಮಾಡಿದ್ದ ವಿಮಾನ ಆಗ ಸಮುದ್ರದ ಮೇಲೆಲ್ಲೋ ಹಾರುತ್ತಿತ್ತು, ನಮ್ಮ ಮೂರು ಸೀಟು ಖಾಲಿ.

ಮನೆಗೆ ಬಂದ ಮೇಲೆ ನಾನು ಮರಿಯಮ್ಮನನ್ನು ತೆಗೆಯಲಿಲ್ಲ. ಅಷ್ಟು ಬಗ್ಗುವವಳಲ್ಲ ನಾನು. ಆದರೆ ಅಕ್ಕಿಯನ್ನು ಡಬ್ಬಿಗೆ ಸುರಿದೆ. ಲಿನ್ ಬಾಯಿ ತನ್ನ ರಾಶಿಯಲ್ಲಿ ಹುಡುಕಿ ದೊಡ್ಡದೊಂದು ಸಿಂಪಿಯ ಚಿಪ್ಪು ತಂದಳು, ಅದರಲ್ಲಿ ಮೇಣ ಹನಿಸಿ ಬತ್ತಿ ನಿಲ್ಲಿಸಿದೆವು. ಮಲ್ಲಿಗೆಯ ಬದಲು ಕೆಂಪು ದಾಸವಾಳ. ಹಬ್ಬದ ದಿನ ತೆನೆ ಇಳಿಸಿ, ಕಾಳು ಬಿಡಿಸಿ ಕುಟ್ಟಿ, ತೆಂಗಿನ ಹಾಲಿಗೆ ಬೆರೆಸಿ ನಾಲ್ಕು ಲೋಟಕ್ಕೆ ಹಾಕಿದೆ. ನಾಲ್ಕನೆಯದು ಲಿನ್ ಬಾಯಿಗೆ. ಅವಳ ಅಣ್ಣನ ಗದ್ದೆಯದ್ದೇ ತಾನೇ!

ಅಕ್ಟೋಬರಿನಲ್ಲಿ ಲೀನಾ ಹುಟ್ಟಿದಳು. ಕಪ್ಪಗೆ, ಸಣ್ಣಗೆ, ಕಿರುಚುತ್ತ. ಆ ಕಿರುಚು ಕೇಳಿ ಐರಿನ್ ಅತ್ತಳು, ಎಪ್ಪಿಂಗ್‌ನಲ್ಲಿ ಅಳದೆ ಇಟ್ಟುಕೊಂಡದ್ದನ್ನೆಲ್ಲ ಸೇರಿಸಿ. ಹೆಸರು ಎಲ್ಲಿಂದ ತಂದೆವು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಆಮೇಲಿನದು ಯುದ್ಧ. ಬಾಣಂತಿ ಒಂದು ತಿಂಗಳು ಸ್ನಾನವನ್ನೇ ಮಾಡಬಾರದೆಂದು ಲಿನ್ ಬಾಯಿ. ಹಂಡೆ ನೀರು ಕುದಿಸಿ ಹೊಯ್ಯದಿದ್ದರೆ ಅದೆಂಥ ಬಾಣಂತನ ಎಂದು ನಾನು. ನಾನು ಒಲೆ ಹೊತ್ತಿಸುವುದು, ಅವಳು ಆರಿಸುವುದು. ಕೊನೆಗೆ ಶುಂಠಿ ಸಿಪ್ಪೆ ಕುದಿಸಿದ ನೀರಾದರೆ ಆಗಬಹುದು ಎಂದು ಅವಳು ಇಳಿದಳು, ತಲೆಗೆ ಹೊಯ್ಯುವುದಿಲ್ಲ ಎಂದು ನಾನು ಇಳಿದೆ. ಗಾಳಿಯೆಂದರೆ ಮಾತ್ರ ಅವಳು ಯಾರ ಮಾತೂ ಕೇಳುತ್ತಿರಲಿಲ್ಲ. ಮೆಟ್ಟಿಲು ಹತ್ತಿ ಬಂದವಳೇ ಮೊದಲು ಕಿಟಕಿ ಮುಚ್ಚುತ್ತಿದ್ದಳು, ಆಮೇಲೆ ಮಗುವಿನ ಮುಖ ನೋಡುತ್ತಿದ್ದಳು. ಮಣ್ಣಿನ ಪಾತ್ರೆಯಲ್ಲಿ ಈ ಕಪ್ಪು ಹುಳಿಯ ಹಂದಿ ಕಾಲು ತಂದಿಟ್ಟಾಗ ನಾನು, ಇವತ್ತು ಪ್ರೀತಿ ಹೇಳಿದ ಮಾತನ್ನೇ ಅಂದೆ. ಐರಿನ್ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಪಾತ್ರೆ ಖಾಲಿಯಾಯಿತು. ಮಗುವಿಗೆ ಹಾಲು ಉಕ್ಕಿ ಬಂತು. ನಾನು ಶುಂಠಿ ಎಷ್ಟು, ಬೆಲ್ಲ ಎಷ್ಟು ಎಂದು ನೋಡಿ ಕಲಿತೆ.

ಮುಂದಿನ ವರ್ಷ ಕಬ್ಬಿಣವೆಲ್ಲ ಹಡಗು ಹತ್ತಿತು, ನಾವು ಮೆಲ್ಬರ್ನಿನ ವಿಮಾನ ಹತ್ತಿದೆವು. ಲಿನ್ ಬಾಯಿ ವಿಮಾನ ನಿಲ್ದಾಣಕ್ಕೆ ಬರಲಿಲ್ಲ. ಹಲಸಿನ ಮರದ ಕೆಳಗೆ ಕೂತು, ನಮ್ಮ ಕಾರು ತಿರುಗುವ ತನಕ ತಲೆ ಎತ್ತದೆ ಸಿಂಪಿ ಒಡೆಯುತ್ತಿದ್ದಳು. ನಾನೂ ಹಾಗೆಯೇ ಮಾಡುತ್ತಿದ್ದೆ.

ಈಗಲೂ ಕೇಳುವವರಿದ್ದಾರೆ. ಮೆಲ್ಬರ್ನಿನ ನಮ್ಮವರ ಪಾರ್ಟಿಗಳಲ್ಲಿ, "ಆಂಟಿ, ಆ ಊರಲ್ಲಿ ಹೇಗೆ ಇದ್ರಿ?" ಎಂದು ಮೂಗು ಮುರಿಯುತ್ತಾರೆ. ನಾನು ಲೀನಾಳನ್ನು ಕರೆದು ಮುಂದೆ ನಿಲ್ಲಿಸುತ್ತೇನೆ. "ಹೀಗೆ ಇದ್ದೆವು" ಎನ್ನುತ್ತೇನೆ.

ಇವತ್ತು ಸಂಜೆ ರೋನಿ ಕೆಲಸ ಮುಗಿಸಿ, ಮಕ್ಕಳನ್ನು ಹತ್ತಿಸಿಕೊಂಡು, ಪಾಯಿಂಟ್ ಕುಕ್‌ನಿಂದ ಫ್ರೀವೇ ಹಿಡಿದು ಬಂದ. ಬಾಗಿಲಲ್ಲೇ ಮೂಗೆತ್ತಿದ. "ಮಮ್ಮಿ, ಎಂತ ಇದು, ಬ್ಯಾಟರಿ ಕಾಯಿಸ್ತಾ ಇದ್ದೀಯಾ?"

"ಇಟ್ಸ್ ನಾಟ್ ಬ್ಯಾಟರಿ, ಅಂಕಲ್" ಎಂದಳು ಲೀನಾ, ಸೊಂಟದ ಮೇಲೆ ಕೈಯಿಟ್ಟು. "ಇಟ್ಸ್ ಮೈ ಬೇಬಿ ಫುಡ್. ಫ್ರಮ್ ಮೈ ಊರು."

ಅವಳ ಊರು! ನಾನು ಅವಳನ್ನು ಎತ್ತಿ ಮುದ್ದಿಟ್ಟೆ, ಸೊಂಟ ಹಿಡಿದರೂ ಬಿಡಲಿಲ್ಲ.

ಎಲ್ಲರೂ ಅಡುಗೆಮನೆಯ ಮೇಜಿನ ಸುತ್ತ ಕೂತೆವು. ಐರಿನ್‌ಗೆ ಶಾಲು ಹೊದೆಸಿ ಒಳಗಿನ ಕುರ್ಚಿಯಲ್ಲಿ ಕೂರಿಸಿದೆ. ನವೀನ ಅನ್ನ ಬಡಿಸಿದ. ನಾನು ಐರಿನ್‌ಗೆ ಮೊದಲು ಹಾಕಿ, ಆಮೇಲೆ ರೋನಿಯ ತಟ್ಟೆಗೆ ಕೇಳದೆಯೇ ಹಾಕಿದೆ. ಅವನು ಒಂದು ತುತ್ತು ತಿಂದ. ಇನ್ನೊಂದು ತಿಂದ. ಮೂಳೆ ಚೀಪಿದ. ತಟ್ಟೆ ಮುಂದೆ ನೂಕಿದ.

"ಇನ್ನು ಸ್ವಲ್ಪ ಹಾಕು."

"ಚೀಪ್ ಊರಿನ ಅಡುಗೆ" ಎಂದೆ.

"ಹಾಕು ಮಾರಾಯ್ತಿ!" ಎಂದ. ನವೀನ ನಗು ತಡೆಯಲಾಗದೆ ಕೆಮ್ಮಿದ.

ಅಷ್ಟರಲ್ಲಿ ಫೋನು. ಐರಿನ್ ಅದನ್ನು ನೀರಿನ ಜಗ್ಗಿಗೆ ಒರಗಿಸಿ ನಿಲ್ಲಿಸಿದಳು. ಲಿನ್ ಬಾಯಿ! ಕೂದಲು ಪೂರ ಬೆಳ್ಳಗೆ. ಅವಳು ಅರಚಿದಳು, ನಾನು ಅರಚಿದೆ, ಯಾರಿಗೂ ಏನೂ ತಿಳಿಯಲಿಲ್ಲ. ರೋನಿ ಕೈ ತೊಳೆದು ಬಂದು, ತೊಟ್ಟಿಲಿನಿಂದ ಮಗುವನ್ನು ಮೆಲ್ಲಗೆ ಎತ್ತಿ, ಫೋನಿನ ಮುಂದೆ ತಾನೇ ಹಿಡಿದು ತೋರಿಸಿದ. ಆ ಹೆಂಗಸಿನ ಜೊತೆ ಅವನು ಈ ತನಕ ಒಂದು ಮಾತೂ ಆಡಿದವನಲ್ಲ.

ಲಿನ್ ಬಾಯಿ ಮಗುವನ್ನು ನೋಡಿ ಬಾಯಿ ಮುಚ್ಚಿಕೊಂಡಳು. ಇದ್ದಕ್ಕಿದ್ದಂತೆ ಅವಳ ಮುಖ ಗಂಟಾಯಿತು. ಬೆರಳು ಚಾಚಿ ರೋನಿಯ ಹಿಂದೆ ಏನನ್ನೋ ತೋರಿಸುತ್ತ ಬೈಯತೊಡಗಿದಳು.

"ಎಂತ ಹೇಳ್ತಾರೆ ಇವರು?" ಎಂದು ರೋನಿ ಗಾಬರಿಯಾದ.

ಐರಿನ್ ನಕ್ಕಳು. "ಕಿಟಕಿ ತೆರೆದಿದೆಯಲ್ಲ. ಬಾಳಂತಿಗೆ ಗಾಳಿ ಆಗ್ತದೆ ಅಂತ."

ರೋನಿ ಮಗುವನ್ನು ನನ್ನ ಕೈಗಿತ್ತು, ಹೋಗಿ ಕಿಟಕಿ ಮುಚ್ಚಿದ. ಸರಿಯಾಗಿ ಮುಚ್ಚಿದೆಯೇ ಎಂದು ಇನ್ನೊಮ್ಮೆ ಒತ್ತಿ, ಫೋನಿನ ಕಡೆ ತಿರುಗಿ ತಲೆಯಾಡಿಸಿದ. ಪ್ರೀತಿ ತನ್ನ ತಟ್ಟೆಯನ್ನೂ ನನ್ನ ಕಡೆ ಚಾಚಿದಳು. ಮನೆ ತುಂಬ ಶುಂಠಿ, ವಿನೆಗರು, ಮಗುವಿನ ಹಾಲಿನ ವಾಸನೆ ನಿಂತಿತು. ನಾವು ಮತ್ತೆ ಉಣ್ಣಲು ಕೂತೆವು.